ಪಗಾರದ ಲೆಕ್ಕ: ದುಡಿಯುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಗುತ್ತಿಗೆದಾರರ ಕೈಕೆಳಗೆ ಇದ್ದೇನೆ. ಊಟದ ವೇಳೆ ಬಿಟ್ಟು ದಿನಕ್ಕೆ 12 ತಾಸು ಕೆಲಸ, ವಾರಕ್ಕೆ ಆರು ದಿನ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ. ಹೆಚ್ಚಿನ ನಾಲ್ಕು ತಾಸಿಗೆ 300 ಕೊಡುತ್ತಾರೆ. ಸಂಜೆ ಐದಕ್ಕೆ ಬೆರಳಚ್ಚು ಒತ್ತಿಸಿ ಮತ್ತೆ ಒಳಗೆ ಕಳಿಸುತ್ತಾರೆ. ಕೇಳಿದರೆ ‘ಈಗ 12 ತಾಸು ಕಾಯ್ದೆನ ಐತಿ, ಬ್ಯಾಡಂದ್ರ ಹೊರಗ ಹತ್ತ ಮಂದಿ ನಿಂತಾರ’ ಅನ್ನುತ್ತಾರೆ.
– ಓದುಗರು, ಬೆಳಗಾವಿ

ಉತ್ತರ: ನಿಮ್ಮ ಓಟಿಯಲ್ಲಿ (ಹೆಚ್ಚಿನ ತಾಸಿನ ಪಗಾರ) ಅರ್ಧದಷ್ಟೇ ಕೈಗೆ ಬರುತ್ತಿದೆ. 15,600ನ್ನು ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 600, ಎಂಟು ತಾಸಿಗೆ ಹಂಚಿದರೆ ತಾಸಿಗೆ 75. ಓಟಿಗೆ ಇದರ ಎರಡು ಪಟ್ಟು, ಅಂದರೆ 150 ಕೊಡಬೇಕು. ನಾಲ್ಕು ತಾಸಿಗೆ 600. ದಿನಾ 300ರಂತೆ 26 ದಿನಕ್ಕೆ 7,800 ರೂಪಾಯಿ ಖೋತಾ. 1948ರ ಕಾರ್ಖಾನೆ ಕಾಯ್ದೆಯಲ್ಲೂ ಎರಡು ಪಟ್ಟೇ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅಷ್ಟೇ ಇದೆ. ಕಾರ್ಖಾನೆ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿ ದಿನಕ್ಕೆ 12 ತಾಸಿನ ಪಾಳಿಗೆ ದಾರಿ ಮಾಡಿತು, ನಿಜ. ಆದರೆ ವಾರಕ್ಕೆ 48 ತಾಸಿನ ಮಿತಿಯನ್ನು ಅದು ಮುಟ್ಟಲಿಲ್ಲ. ಆರೂ ದಿನ 12 ತಾಸು ದುಡಿಸಿದರೆ ವಾರಕ್ಕೆ 24 ತಾಸು ಓಟಿಯೇ.

ಲೆಕ್ಕ ಸುಲಭ, ತೊಡಕು ಇರುವುದು ಪುರಾವೆಯಲ್ಲಿ. ಬೆರಳಚ್ಚಿನ ಯಂತ್ರ ಎಂಟೇ ತಾಸು ತೋರಿಸುತ್ತದೆ. ಹಾಗಾಗಿ ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ; ಬಂದ ವೇಳೆ, ಹೋದ ವೇಳೆ, ಜೊತೆಗಿದ್ದವರ ಹೆಸರು ಅಂದಂದೇ ಬರೆಯಿರಿ. ದೂರು ಕೊಡುವ ಹಿಂದಿನ ರಾತ್ರಿ ಕೂತು ಆರು ತಿಂಗಳದ್ದನ್ನು ಒಂದೇ ಪೆನ್ನಿನಲ್ಲಿ ಬರೆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ನಿಜವಾದ ಲೆಕ್ಕವೂ ಸುಳ್ಳಿನಂತೆ ಕಾಣುತ್ತದೆ. ಫೌಂಡ್ರಿಯವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ: ಕುಲುಮೆಯಲ್ಲಿ ಲೋಹ ಕರಗಿಸಿದ ಪ್ರತಿ ಸಲಕ್ಕೂ ಹೀಟ್ ನಂಬರ್ ಹಾಕುತ್ತಾರೆ. ಐದರ ನಂತರ ಸುರಿದ ಹೀಟಿನ ನಂಬರನ್ನೂ ವೇಳೆಯನ್ನೂ ಬರೆದುಕೊಳ್ಳಿ. ಅದೇ ನಂಬರ್ ಕಂಪನಿಯ ಕುಲುಮೆ ಪುಸ್ತಕದಲ್ಲೂ ಇರುತ್ತದೆ. ಕಾಸ್ಟಿಂಗ್ ಕೊಳ್ಳುವವರಿಗೆ ಗುಣಮಟ್ಟದ ಪತ್ರ ಕೊಡುವುದು ಅದರ ಮೇಲೆಯೇ ಆದ್ದರಿಂದ ಹಾಜರಿ ತಿದ್ದಿದಷ್ಟು ಸಲೀಸಾಗಿ ಅದನ್ನು ತಿದ್ದಲಾಗದು. ಆ ಪುಸ್ತಕದ ಫೋಟೋ ಹೊಡೆಯಲು ಮಾತ್ರ ಹೋಗಬೇಡಿ, ಅದನ್ನೇ ನೆಪ ಮಾಡಿ ಮನೆಗೆ ಕಳಿಸಿಯಾರು. ತರಿಸಿ ನೋಡುವುದು ಅಧಿಕಾರಿಯ ಕೆಲಸ. ಆ 300 ರೂಪಾಯಿ ‘ಇನ್ಸೆಂಟಿವ್’ ಎಂಬ ಹೆಸರಲ್ಲಿ ಬ್ಯಾಂಕಿಗೆ ಬರುತ್ತಿದ್ದರೆ ಪಾಸ್‌ಬುಕ್ಕೇ ಗಟ್ಟಿ ಸಾಕ್ಷಿ.

ಅರ್ಜಿಯನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಎರಡು ಪ್ರತಿಯಲ್ಲಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ. ತಿಂಗಳುವಾರು ಓಟಿ ತಾಸು, ಬರಬೇಕಾದ ಹಣ, ಬಂದ ಹಣ, ಬಾಕಿ ಎಂದು ನಾಲ್ಕು ಸಾಲು ಹಾಕಿ. ಗುತ್ತಿಗೆದಾರರ ಜೊತೆ ಫೌಂಡ್ರಿಯ ಹೆಸರನ್ನೂ ಸೇರಿಸಿ. ಗುತ್ತಿಗೆದಾರ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲಕರದು. ಸಂಹಿತೆಯಲ್ಲಿ ಹಕ್ಕು ಕೇಳಲು ಮೂರು ವರ್ಷ ಅವಧಿ ಇದೆ, ಹಲವರು ಸೇರಿ ಒಂದೇ ಅರ್ಜಿ ಹಾಕಬಹುದು. ಹತ್ತು ಮಂದಿ ಒಟ್ಟಿಗೆ ಸಹಿ ಮಾಡಿದರೆ ಒಬ್ಬರನ್ನೇ ಗುರಿ ಮಾಡುವುದು ಕಷ್ಟ. ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ.

ಪ್ರಶ್ನೆ: ಪಗಾರದ ಚೀಟಿಯಲ್ಲಿ ಪಿಎಫ್ ಕಡಿತ ಇದೆ. ಜಮಾ ಆಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?
– ಓದುಗರು, ಮಚ್ಛೆ

ಉತ್ತರ: ಯುಎಎನ್‌ಗೆ (ನಿಮ್ಮ ಪಿಎಫ್ ಸಂಖ್ಯೆ) ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಕೊನೆಯ ಜಮಾ ಎಷ್ಟೆಂದು ಸಂದೇಶ ಬರುತ್ತದೆ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ಕನ್ನೇ ನೋಡಬಹುದು. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಡಿದುಕೊಂಡು ಕಟ್ಟದಿದ್ದರೆ ಅದು ಬರೀ ಬಾಕಿಯಲ್ಲ, ನಂಬಿಕೆದ್ರೋಹದ ಅಪರಾಧ. ಚೀಟಿಯ ಪ್ರತಿ ಲಗತ್ತಿಸಿ ಪಿಎಫ್ ಸಂಸ್ಥೆಯ ಆನ್‌ಲೈನ್ ದೂರು ವಿಭಾಗಕ್ಕೆ ಕಳಿಸಿ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ನಮ್ಮ ತಂದೆ 12 ಹಂಗಾಮು ದುಡಿದು ನಿವೃತ್ತರಾದರು. ಕೊನೆಯ ಪಗಾರ 18,200. ‘ವರ್ಷಕ್ಕೆ 240 ದಿನ ಆಗಿಲ್ಲ, ಗ್ರ್ಯಾಚುಟಿ ಬರೂದಿಲ್ಲ’ ಎಂದು ಆಫೀಸಿನವರು ತಿರುಗಿ ಕಳಿಸಿದ್ದಾರೆ.
– ಓದುಗರು, ಮುಧೋಳ

ಉತ್ತರ: ಅವರು ಹೇಳಿದ್ದು ತಪ್ಪು. 240 ದಿನದ ಅಳತೆ ವರ್ಷವಿಡೀ ನಡೆಯುವ ಕೆಲಸಕ್ಕೆ. ಹಂಗಾಮಿನ ಕಾರ್ಖಾನೆಯಲ್ಲಿ, ಅದು ನಡೆದ ದಿನಗಳ ಪೈಕಿ ಶೇ. 75ರಷ್ಟು ದಿನ ದುಡಿದಿದ್ದರೆ ಸಾಕು. ಮಳೆ ಕೈಕೊಟ್ಟು ಕಬ್ಬಿಲ್ಲದೆ ಕಾರ್ಖಾನೆ 100 ದಿನಕ್ಕೇ ನಿಂತಿದ್ದರೆ 75 ದಿನದ ಹಾಜರಿ ಇದ್ದರೂ ಆ ವರ್ಷ ಲೆಕ್ಕಕ್ಕೆ ಬರುತ್ತದೆ. ಇಂಥ ಐದು ವರ್ಷ ತುಂಬಿದ್ದರೆ ಪ್ರತಿ ಹಂಗಾಮಿಗೆ ಏಳು ದಿನದ ಪಗಾರ ಸಿಗಬೇಕು. 18,200 ಭಾಗಿಸು 26, ದಿನಕ್ಕೆ 700. ಏಳು ದಿನಕ್ಕೆ 4,900. 12 ಹಂಗಾಮಿಗೆ 58,800 ರೂಪಾಯಿ.

ಇಲ್ಲಿ ಇನ್ನೊಂದು ಮಾತು ಕೇಳಿ ನೋಡಿ. ಕಬ್ಬು ನುರಿಸುವುದು ನಿಂತ ಮೇಲೂ ಮಿಲ್ ಬಿಚ್ಚಿ ರಿಪೇರಿ ಮಾಡುವುದಕ್ಕೆ ತಂದೆಯವರನ್ನು ಇಟ್ಟುಕೊಂಡಿದ್ದರೇ? ವರ್ಷವಿಡೀ ಹೀಗೆ ದುಡಿಸಿದ್ದರೆ ಏಳು ದಿನದ ಲೆಕ್ಕ ನಡೆಯದು, ವರ್ಷಕ್ಕೆ 15 ದಿನದಂತೆ 10,500, ಒಟ್ಟು 1,26,000 ಆಗುತ್ತದೆ. ಎರಡು ಪಟ್ಟಿಗಿಂತ ಹೆಚ್ಚು. ಬೇಸಿಗೆ ತಿಂಗಳ ಪಗಾರ ಬ್ಯಾಂಕಿಗೆ ಬಂದಿದೆಯೇ, ಪಿಎಫ್ ಜಮಾ ಆಗಿದೆಯೇ ಎಂದು ಹಳೆಯ ಪಾಸ್‌ಬುಕ್ ತೆಗೆದು ಮೊದಲು ನೋಡಿ. ಆಮೇಲೆ ಲಿಖಿತ ಅರ್ಜಿ ಕೊಡಿ. 30 ದಿನದೊಳಗೆ ಕೊಡಬೇಕೆಂಬ ನಿಯಮವಿದ್ದರೂ ತಡವಾದದ್ದಕ್ಕೆ ಕಾರಣ ಬರೆದರೆ ಹಕ್ಕು ಹೋಗುವುದಿಲ್ಲ. ಕಾರ್ಖಾನೆ ತಡಮಾಡಿದ ಅವಧಿಗೆ ಬಡ್ಡಿಯನ್ನೂ ಕೇಳಿ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ತಿಂಗಳಿಗೆ 12,000 ಪಗಾರ. ಸ್ಟಾಕ್ ಕಡಿಮೆ ಬಂತೆಂದು ಎಂಟೂ ಜನರಿಂದ ತಲಾ 1,500 ಕಡಿದರು. ಮ್ಯಾನೇಜರ್ ಗಿರಾಕಿಗಳ ಎದುರಿಗೇ ಬೈಯುತ್ತಾರೆ, ಕೆಲವು ಸಲ ಅಸಹ್ಯದ ಮಾತೂ ಆಡುತ್ತಾರೆ. ರಾಜೀನಾಮೆ ಕೊಡಲೇ?
– ಓದುಗರು, ವಿಜಯಪುರ

ಉತ್ತರ: ನಷ್ಟವನ್ನು ಎಲ್ಲರ ತಲೆಗೆ ಹಂಚುವಂತಿಲ್ಲ. ಆ ಮಾಲನ್ನು ನಿಮ್ಮ ವಶಕ್ಕೇ ಕೊಟ್ಟಿರಬೇಕು, ನಿಮ್ಮ ಅಲಕ್ಷ್ಯದಿಂದಲೇ ನಷ್ಟ ಆಗಿರಬೇಕು, ನಿಮ್ಮ ಮಾತು ಕೇಳಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಕಡಿತ ಊರ್ಜಿತವಾಗದು. ದಂಡ ಎಂದು ಹೆಸರು ಬದಲಿಸಿದರೂ ಪಗಾರದ ಶೇ. 3ಕ್ಕಿಂತ ಹೆಚ್ಚು, ಅಂದರೆ ನಿಮಗೆ ತಿಂಗಳಿಗೆ 360 ರೂಪಾಯಿ ಮೀರಿ ಹಿಡಿಯಲಾಗದು. ‘1,500 ಯಾಕೆ ಕಡಿದಿರಿ, ಬರವಣಿಗೆಯಲ್ಲಿ ತಿಳಿಸಿ’ ಎಂದು ಮಾಲಕರಿಗೆ ವಾಟ್ಸಾಪ್ ಮಾಡಿ. ಉತ್ತರ ಬಂದರೂ ಬಾರದಿದ್ದರೂ ನಿಮ್ಮ ಸಂದೇಶ ದಾಖಲೆಯಾಗಿ ಉಳಿಯುತ್ತದೆ.

ಅಸಹ್ಯದ ಮಾತನ್ನು ಮಾತ್ರ ಸಹಿಸಿಕೊಂಡು ಇರಬೇಡಿ. ತಾರೀಖು, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆದಿಟ್ಟು, ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಿ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯಾದ್ದರಿಂದ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ದೂರು ಹೋಗುವುದು ಜಿಲ್ಲೆಯ ಸ್ಥಳೀಯ ಸಮಿತಿಗೆ. ರಾಜೀನಾಮೆಯನ್ನು ಸಿಟ್ಟಿನಲ್ಲಿ ಬರೆಯಬೇಡಿ. ಬಿಡಲೇಬೇಕಾದರೆ ‘ಸ್ವಇಚ್ಛೆಯಿಂದ, ಯಾವ ಬಾಕಿಯೂ ಇಲ್ಲ’ ಎಂದು ಅವರು ಬರೆದು ತಂದ ಕಾಗದಕ್ಕೆ ಸಹಿ ಹಾಕದೆ, ಕಾರಣವನ್ನೂ ಬಾಕಿಯನ್ನೂ ನಿಮ್ಮ ಕೈಯಾರೆ ಬರೆದು ಕೊಡಿ. ಬಿಟ್ಟ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಪಗಾರ ಕೈಗೆ ಬರಬೇಕು.