ಶುಂಠಿ ಬಿಸ್ಕತ್ತಿನ ಆನೆಗೆ ಸೊಂಡಿಲು ಉಳಿಯಬೇಕೆಂದರೆ

ಡಿಸೆಂಬರ್ ಬಂತೆಂದರೆ ಜಿಂಜರ್‌ಬ್ರೆಡ್ ಕುಕ್ಕಿ, ಅಂದರೆ ಶುಂಠಿ-ಚಕ್ಕೆ ಹಾಕಿದ ಆಕಾರದ ಬಿಸ್ಕತ್ತಿನ ಬಗ್ಗೆ ಪತ್ರಗಳು ಬರಲು ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಟೀ ಚಮಚ ಎಂದರೆ 5 ಮಿ.ಲೀ., ಟೇಬಲ್ ಚಮಚ ಎಂದರೆ 15 ಮಿ.ಲೀ.

ಪ್ರಶ್ನೆ: ಆನೆ, ನವಿಲು, ನಕ್ಷತ್ರದ ಕಟರ್ ತಂದು ಮಾಡಿದೆ. ಟ್ರೇ ಹೊರಗೆ ತೆಗೆದಾಗ ಎಲ್ಲವೂ ಹರಡಿಕೊಂಡು ಆನೆ ಯಾವುದು, ನವಿಲು ಯಾವುದು ಗೊತ್ತಾಗದ ಹಾಗಾಗಿತ್ತು. ಮೈದಾ ಇನ್ನೂ ಹಾಕಬೇಕಿತ್ತೇ? ಸರಿಯಾದ ಅಳತೆ ತಿಳಿಸಿ. (ಮೈಸೂರು)

ಮೈದಾ ಕಡಿಮೆಯಾಗಿ ಹೀಗಾಗುವುದು ಅಪರೂಪ. ಹಿಟ್ಟು ಬೆಚ್ಚಗಿದ್ದಿರಬೇಕು, ಇಲ್ಲವೇ ಸೋಡಾ ಜಾಸ್ತಿಯಾಗಿರಬೇಕು. ಬೆಣ್ಣೆ ಕರಗಲು 35 ಡಿಗ್ರಿ ಸಾಕು. ಮೈದಾ ಗಟ್ಟಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಬೇಕು. ಇವೆರಡರ ನಡುವಿನ ಹೊತ್ತಿನಲ್ಲೇ ಬಿಸ್ಕತ್ತು ಹರಡುವುದು. ಹಿಟ್ಟು ತಣ್ಣಗಿದ್ದು ಓವನ್ ಚೆನ್ನಾಗಿ ಕಾದಿದ್ದರೆ ಬೆಣ್ಣೆ ಹರಿಯುವ ಮೊದಲೇ ಅಂಚು ಕಚ್ಚಿಕೊಳ್ಳುತ್ತದೆ. ಹಾಗಾಗಿ ಆಕಾರ ಉಳಿಯುತ್ತದೋ ಇಲ್ಲವೋ ಎನ್ನುವುದು ಓವನ್‌ಗಿಂತ ಮೊದಲು ಫ್ರಿಜ್‌ನಲ್ಲೇ ತೀರ್ಮಾನವಾಗುತ್ತದೆ.

ಅಳತೆ ಹೀಗಿದೆ: ಮೈದಾ 350 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಒಣಶುಂಠಿ ಪುಡಿ 2 ಟೀ ಚಮಚ, ಚಕ್ಕೆ ಪುಡಿ ಒಂದೂವರೆ ಟೀ ಚಮಚ, ಲವಂಗ ಮತ್ತು ಜಾಯಿಕಾಯಿ ತಲಾ ಕಾಲು ಟೀ ಚಮಚ. ಇವಿಷ್ಟನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ 125 ಗ್ರಾಂ ಉಪ್ಪಿಲ್ಲದ ಬೆಣ್ಣೆ, 125 ಗ್ರಾಂ ಬೆಲ್ಲದ ಪುಡಿ ಕಲಸಿ. ಕೇಕಿಗೆ ಮಾಡುವಂತೆ ನೊರೆ ಬರುವವರೆಗೆ ಬೀಟ್ ಮಾಡಬೇಡಿ. ಒಳಗೆ ಸೇರಿದ ಗಾಳಿ ಓವನ್‌ನಲ್ಲಿ ಉಬ್ಬಿ ಮೇಲ್ಮೈಯನ್ನು ಹಾಳು ಮಾಡುತ್ತದೆ. ಇದಕ್ಕೆ 80 ಗ್ರಾಂ ಜೋನಿ ಬೆಲ್ಲ, ಒಂದು ಮೊಟ್ಟೆ ಸೇರಿಸಿ. ಮೊಟ್ಟೆ ಬೇಡದವರು 3 ಟೇಬಲ್ ಚಮಚ ತಣ್ಣನೆಯ ಹಾಲು ಹಾಕಬಹುದು. ಕೊನೆಗೆ ಮೈದಾ ಹಾಕಿ, ಒಂದುಗೂಡಿದ ಕೂಡಲೇ ನಿಲ್ಲಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಬೇಯುವಾಗ ಆಕಾರ ಕುಗ್ಗಿ ಸೊಟ್ಟಗಾಗುತ್ತದೆ.

ಹಿಟ್ಟನ್ನು ಉಂಡೆ ಮಾಡಿ ಫ್ರಿಜ್‌ಗೆ ಇಡಬೇಡಿ. ಒಂದು ಇಂಚು ದಪ್ಪಕ್ಕೆ ತಟ್ಟಿ ಇಟ್ಟರೆ ಒಳಗಿನವರೆಗೂ ಬೇಗ ತಣ್ಣಗಾಗುತ್ತದೆ. ಕನಿಷ್ಠ ಎರಡು ಗಂಟೆ ಬೇಕು, ರಾತ್ರಿಯಿಡೀ ಇದ್ದರೆ ಮಸಾಲೆಯೂ ಚೆನ್ನಾಗಿ ಹಿಡಿಯುತ್ತದೆ. ಎರಡು ಬೇಕಿಂಗ್ ಪೇಪರ್ ನಡುವೆ 5 ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ. ಆಮೇಲೆ ಆನೆಯನ್ನು ಎತ್ತಲು ಹೋಗಬೇಡಿ, ಸೊಂಡಿಲು ಎಳೆದುಹೋಗುವುದು ಅಲ್ಲೇ. ಸುತ್ತಲಿನ ಹಿಟ್ಟನ್ನು ಬಿಡಿಸಿ ತೆಗೆದು, ಆಕಾರಗಳನ್ನು ಪೇಪರ್ ಸಮೇತ ಟ್ರೇಗೆ ಜಾರಿಸಿ. ಟ್ರೇಯನ್ನು 15 ನಿಮಿಷ ಫ್ರೀಜರ್‌ನಲ್ಲಿಟ್ಟು, ಅಲ್ಲಿಂದ ನೇರವಾಗಿ 175 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್‌ಗೆ ಇಡಿ. ಅಂಗೈ ಅಗಲದ ಬಿಸ್ಕತ್ತಿಗೆ 10ರಿಂದ 12 ನಿಮಿಷ, ಚಿಕ್ಕ ನಕ್ಷತ್ರಕ್ಕೆ 8 ನಿಮಿಷ. ದೊಡ್ಡದು, ಚಿಕ್ಕದು ಒಂದೇ ಟ್ರೇಯಲ್ಲಿ ಬೇಡ. ಹೊರಗೆ ತೆಗೆದಾಗ ನಡುಭಾಗ ಒತ್ತಿದರೆ ಮೆತ್ತಗೇ ಇರುತ್ತದೆ. ಗಟ್ಟಿಯಾಗಲಿ ಎಂದು ಒಳಗೇ ಬಿಟ್ಟರೆ ತಣ್ಣಗಾದ ಮೇಲೆ ಹಲ್ಲಿಗೆ ಬಗ್ಗುವುದಿಲ್ಲ.

ಎರಡನೇ ಸುತ್ತಿಗೆ ಬಿಸಿ ಟ್ರೇ ಮೇಲೆ ತಣ್ಣನೆಯ ಹಿಟ್ಟು ಇಟ್ಟರೆ ಮಾಡಿದ್ದೆಲ್ಲ ದಂಡ. ಟ್ರೇಯನ್ನು ನಲ್ಲಿ ನೀರಿನಲ್ಲಿ ತಣ್ಣಗೆ ಮಾಡಿ, ಒರೆಸಿ, ಆಮೇಲೆ ಬಳಸಿ.

ಪ್ರಶ್ನೆ: ಮೊಲಾಸಸ್ ಸಿಗುವುದಿಲ್ಲವೆಂದು ಮನೆಯ ಜೋನಿ ಬೆಲ್ಲ ಹಾಕಿದೆ. ರುಚಿ ಚೆನ್ನಾಗಿ ಬಂತು, ಆದರೆ ಹಿಟ್ಟು ಕೈಗೆ ಅಂಟಿ ಲಟ್ಟಿಸಲು ಆಗಲೇ ಇಲ್ಲ. ಬಿಸ್ಕತ್ತಿನಲ್ಲಿ ಅಲ್ಲಲ್ಲಿ ಕಪ್ಪು ಗುಳಿಗಳೂ ಇದ್ದವು. (ಶಿರಸಿ)

ಜೋನಿ ಬೆಲ್ಲಕ್ಕಿಂತ ಒಳ್ಳೆಯ ಬದಲಿ ಬೇಕಿಲ್ಲ. ಕಹಿ ಇಲ್ಲ, ಶುಂಠಿಗೆ ಹೇಳಿ ಮಾಡಿಸಿದ ಜೋಡಿ. ತೊಂದರೆ ಎಂದರೆ ಪ್ರತಿ ಮನೆಯ ಜೋನಿಯಲ್ಲೂ ನೀರಿನಂಶ ಬೇರೆ ಬೇರೆ. ಚಮಚದಿಂದ ನೀರಿನಂತೆ ಸುರಿದರೆ ಮೊದಲು ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಜೇನಿನ ಹದಕ್ಕೆ ಬರುವವರೆಗೆ ಕುದಿಸಿ, ಪೂರ್ತಿ ಆರಿಸಿ. 80 ಗ್ರಾಂ ತೂಗುವುದು ಆಮೇಲೆಯೇ. ಅಂಟುತ್ತದೆಂದು ಮೈದಾ ಸುರಿಯುತ್ತಾ ಹೋದರೆ ಹಿಟ್ಟು ಒಡೆಯುತ್ತದೆ. ಅದರ ಬದಲು ಮತ್ತೆ ಫ್ರಿಜ್‌ಗೆ ಇಡಿ.

ಕಪ್ಪು ಗುಳಿಗಳು ಬೆಲ್ಲದ ಹರಳಿನವು. ಪುಡಿಬೆಲ್ಲವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ನೋಡಿ. ಸಾಸಿವೆಯಷ್ಟು ದಪ್ಪದ ಹರಳು ಉಳಿದರೂ ಅದು ಓವನ್‌ನಲ್ಲಿ ಕರಗಿ, ಕುದಿದು, ಅಲ್ಲೊಂದು ಗುಳಿ ಬಿಡುತ್ತದೆ. ಐಸಿಂಗ್ ಹಾಕಿದ ಮೇಲೂ ಅದು ಕಾಣುತ್ತದೆ.

ಇನ್ನೊಂದು ಮಾತು: ಹಸಿಶುಂಠಿ ತುರಿದು ಹಾಕಬಹುದೇ ಎಂದು ಹಲವರು ಕೇಳಿದ್ದಾರೆ. ಬೇಡ. ಅದರ ನೀರು ಹದ ಕೆಡಿಸುತ್ತದೆ, ನಾರು ಅಂಚಿನಲ್ಲಿ ಸಿಕ್ಕಿ ಕಟರ್‌ನ ಗೆರೆ ಹರಿಯುತ್ತದೆ. ಖಾರ ಬೇಕಿದ್ದರೆ ಕಾಲು ಟೀ ಚಮಚ ಕಾಳುಮೆಣಸಿನ ಪುಡಿ ಸೇರಿಸಿ.

ಪ್ರಶ್ನೆ: ಅಜ್ಜಿ ಕಾಲದ ಸಕ್ಕರೆ ಅಚ್ಚಿನ ಮರದ ಮಣೆಗಳಿವೆ. ಸಂಕ್ರಾಂತಿಗೆ ಬಿಟ್ಟರೆ ಹಾಗೇ ಬಿದ್ದಿರುತ್ತವೆ. ಅದರಲ್ಲಿ ಈ ಬಿಸ್ಕತ್ತು ಒತ್ತಬಹುದೇ? (ದಾವಣಗೆರೆ)

ಪ್ರಯತ್ನಿಸಲೇಬೇಕಾದ ಕೆಲಸ. ನೆದರ್‌ಲ್ಯಾಂಡ್ಸ್‌ನ ಸ್ಪೆಕುಲಾಸ್ ಬಿಸ್ಕತ್ತನ್ನು ಒತ್ತುವುದು ಕೆತ್ತಿದ ಮರದ ಅಚ್ಚಿನಲ್ಲೇ. ಆದರೆ ಆ ಅಚ್ಚುಗಳ ಆಳ ಕಡಿಮೆ. ನಮ್ಮ ಸಕ್ಕರೆ ಅಚ್ಚು ಎರಡು ಮಣೆ ಜೋಡಿಸಿ ಪಾಕ ಹೊಯ್ಯಲು ಮಾಡಿದ್ದು, ಗೊಂಬೆ ದಪ್ಪಗಿರುತ್ತದೆ. ಅಷ್ಟು ದಪ್ಪದ ಹಿಟ್ಟು ಒಳಗೆ ಬೇಯುವ ಹೊತ್ತಿಗೆ ಹೊರಗೆ ಸೀದಿರುತ್ತದೆ. ಹಾಗಾಗಿ ಒಂದೇ ಮಣೆ ಬಳಸಿ, ಅದರಲ್ಲೂ 8 ಮಿ.ಮೀ. ಮೀರದ ಆಳದ ಮೀನು, ಹೂವು, ಗಿಳಿಯಂಥವನ್ನು ಆರಿಸಿ. ಮೇಲಿನ ಅಳತೆಯಲ್ಲಿ ಸೋಡಾ ಪೂರ್ತಿ ಬಿಟ್ಟುಬಿಡಿ. ಚೂರು ಉಬ್ಬಿದರೂ ಗಿಳಿಯ ಕಣ್ಣು, ಗರಿಯ ಗೆರೆ ಮುಚ್ಚಿಹೋಗುತ್ತವೆ.

ಮಣೆಗೆ ಎಣ್ಣೆ ಸವರಬೇಡಿ, ಒಣ ಬ್ರಷ್‌ನಿಂದ ಅಕ್ಕಿಹಿಟ್ಟು ಉದುರಿಸಿ, ತಟ್ಟಿ ಹೆಚ್ಚಾದದ್ದನ್ನು ಕೊಡವಿ. ತಣ್ಣನೆಯ ಹಿಟ್ಟನ್ನು ನಡುವಿನಿಂದ ಅಂಚಿಗೆ ಒತ್ತಿ, ಮೇಲೆ ಉಳಿದದ್ದನ್ನು ಚಾಕುವಿನಿಂದ ಮಟ್ಟಸವಾಗಿ ಕೆರೆದು ತೆಗೆಯಿರಿ. ಮಣೆಯನ್ನು ಮಗುಚಿ ಅದರ ಅಂಚನ್ನು ಮೇಜಿಗೆ ಬಲವಾಗಿ ಕುಟ್ಟಿದರೆ ಗಿಳಿ ಕೈಗೆ ಬೀಳುತ್ತದೆ. ಇದಕ್ಕೆ 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಕೊಡಿ. ಐಸಿಂಗ್ ಬೇಡವೇ ಬೇಡ, ಕೆತ್ತನೆಯೇ ಅಲಂಕಾರ.

ಪ್ರಶ್ನೆ: ಮೊಟ್ಟೆ ಹಾಕದೆ ಗಟ್ಟಿಯಾಗುವ ಐಸಿಂಗ್ ಮಾಡುವುದು ಹೇಗೆ? ನಾನು ಹಾಲು ಹಾಕಿ ಮಾಡಿದ್ದು ಮರುದಿನವೂ ಅಂಟುತ್ತಿತ್ತು, ಕೆಂಪು ಬಣ್ಣ ಬಿಳಿಗೆ ಇಳಿದಿತ್ತು. (ಮಂಗಳೂರು)

ಹಾಲಿನಲ್ಲಿ ಜಿಡ್ಡಿದೆ, ಜಿಡ್ಡಿದ್ದರೆ ಐಸಿಂಗ್ ಗಟ್ಟಿಯಾಗಿ ಕೂರುವುದಿಲ್ಲ. ಕಾಬೂಲಿ ಕಡಲೆಯನ್ನು ಉಪ್ಪಿಲ್ಲದೆ ಬೇಯಿಸಿದ ನೀರನ್ನು ಸೋಸಿ, ಮೊಟ್ಟೆಯ ಬಿಳಿಯಷ್ಟು ಲೋಳೆಯಾಗುವವರೆಗೆ ಕುದಿಸಿ ಆರಿಸಿ. ಅದರಲ್ಲಿ 60 ಗ್ರಾಂ ತೆಗೆದುಕೊಂಡು ನೊರೆ ಬರುವಂತೆ ಬೀಟ್ ಮಾಡಿ, 350 ಗ್ರಾಂ ಜರಡಿ ಹಿಡಿದ ಐಸಿಂಗ್ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಕೊನೆಗೆ ಅರ್ಧ ಟೀ ಚಮಚ ನಿಂಬೆರಸ. ಪಾತ್ರೆಗೆ ಬೆಣ್ಣೆಯ ಪಸೆ ತಾಗಿದ್ದರೂ ನೊರೆ ಏಳುವುದಿಲ್ಲ, ಮೊದಲು ನಿಂಬೆಹೋಳಿನಿಂದ ಉಜ್ಜಿ ಒರೆಸಿ.

ಒಂದೇ ಐಸಿಂಗನ್ನು ಎರಡು ಹದ ಮಾಡಿಕೊಳ್ಳಿ. ಗೆರೆ ಎಳೆಯಲು, ಚಮಚ ಎತ್ತಿದಾಗ ತುದಿ ನಿಲ್ಲುವಷ್ಟು ಗಟ್ಟಿ. ಒಳಗೆ ತುಂಬಲು ಹನಿಹನಿ ನೀರು ಸೇರಿಸಿ, ಚಾಕುವಿನಿಂದ ಎಳೆದ ಗೆರೆ 12ರಿಂದ 15 ಸೆಕೆಂಡಿನಲ್ಲಿ ಮುಚ್ಚಿಕೊಳ್ಳುವ ಹದ. ಐದೇ ಸೆಕೆಂಡಿಗೆ ಮುಚ್ಚಿದರೆ ಅಂಚು ದಾಟಿ ಇಳಿಯುತ್ತದೆ, ಒಣಗುವಾಗ ಕಣ್ಣು, ಮೂಗಿನಂಥ ಚಿಕ್ಕ ಜಾಗಗಳು ಒಳಕ್ಕೆ ಕುಸಿಯುತ್ತವೆ. ತುಂಬಿದ ಕೂಡಲೇ ಟೂತ್‌ಪಿಕ್‌ನಿಂದ ಗುಳ್ಳೆ ಒಡೆಯಿರಿ, ಎರಡು ನಿಮಿಷ ಬಿಟ್ಟರೆ ಪೊರೆ ಕಟ್ಟಿ ಕಲೆ ಉಳಿಯುತ್ತದೆ.

ಬಣ್ಣ ಇಳಿಯುವುದಕ್ಕೆ ಕಾರಣ ನಿಮ್ಮೂರಿನ ತೇವ ಮತ್ತು ನೀರುಬಣ್ಣ. ಜೆಲ್ ಬಣ್ಣವನ್ನೇ ಬಳಸಿ. ಬಿಳಿ ತುಂಬಿದ ಭಾಗ ಎಂಟು ಗಂಟೆ ಒಣಗಿದ ಮೇಲೆ ಕೆಂಪು ಹಾಕಿ. ಬಿಸ್ಕತ್ತುಗಳನ್ನು ಜಾಲರಿಯ ಮೇಲಿಟ್ಟು ಟೇಬಲ್ ಫ್ಯಾನ್ ಹಾಕಿದರೆ ಬೇಗ ಒಣಗುವುದಷ್ಟೇ ಅಲ್ಲ, ಹೊಳಪೂ ನಿಲ್ಲುತ್ತದೆ. ಫ್ರಿಜ್‌ನಲ್ಲಿ ಒಣಗಿಸಬೇಡಿ, ಹೊರಗೆ ತೆಗೆದ ಕ್ಷಣ ಬೆವರುತ್ತದೆ.

ಪ್ರಶ್ನೆ: ಓವನ್ ಇಲ್ಲ. ಕುಕ್ಕರ್‌ನಲ್ಲಿ ಆಗುತ್ತದೆಯೇ? (ಗದಗ)

ಆಗುತ್ತದೆ, ಆದರೆ ಒಂದು ಸಲಕ್ಕೆ ಐದಾರು. ತಳಕ್ಕೆ ಎರಡು ಕಪ್ ಉಪ್ಪು, ಮೇಲೊಂದು ಸ್ಟ್ಯಾಂಡ್, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದ ಮುಚ್ಚಳ. ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ, ತಟ್ಟೆ ಇಟ್ಟು ಉರಿ ಸಣ್ಣ ಮಾಡಿ 15 ನಿಮಿಷ. ಮೇಲ್ಭಾಗಕ್ಕೆ ಬಣ್ಣ ಬರುವುದಿಲ್ಲ, ತಳ ನೋಡಿ ತೆಗೆಯಿರಿ.

ಪ್ರಶ್ನೆ: ಇಲ್ಲಿನ ಜಾತ್ರೆಗಳಲ್ಲಿ ರಿಬ್ಬನ್ ಕಟ್ಟಿ ಮಾರುವ ಹೃದಯದಾಕಾರದ ಲೇಬ್‌ಕುಕನ್, ಅಂದರೆ ಜರ್ಮನಿಯ ಜೇನು-ಮಸಾಲೆ ಬಿಸ್ಕತ್ತು, ಮಾಡಲು ಹೊರಟೆ. ಹಿಟ್ಟು ಉಬ್ಬಲೆಂದು ಹಿರ್ಷ್‌ಹಾರ್ನ್‌ಸಾಲ್ಟ್ ಎಂಬ ಪುಡಿ (ಅಮೋನಿಯಂ ಬೈಕಾರ್ಬೋನೇಟ್) ಹಾಕಿದೆ, ಬೆಂದ ಮೇಲೂ ಘಾಟು ಹೋಗಿಲ್ಲ. (ಮ್ಯೂನಿಕ್)

ಅದು ಅಮೋನಿಯದ ಘಾಟು. ಆ ಪುಡಿ ಬಿಸಿಗೆ ಒಡೆದು ಅನಿಲವಾಗಿ ಹೋಗಬೇಕು. ತೆಳುವಾದ, ಒಣ ಬಿಸ್ಕತ್ತಿನಿಂದ ಪೂರ್ತಿ ಹೋಗುತ್ತದೆ, ನಿಮ್ಮ ದಪ್ಪ ಹೃದಯದೊಳಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ಜೇನಿನ ಹಿಟ್ಟಿಗೆ ಅಲ್ಲಿಯದೇ ಅಂಗಡಿಯಲ್ಲಿ ಸಿಗುವ ಪಾಟ್‌ಆಶ್ (ಉಬ್ಬಿಸಲು ಬಳಸುವ ಪೊಟ್ಯಾಸಿಯಂ ಕಾರ್ಬೋನೇಟ್ ಪುಡಿ) ಸರಿ. ಒಂದು ಚಮಚ ನೀರಿನಲ್ಲಿ ಕರಗಿಸಿ ಹಾಕಿ, ಹಿಟ್ಟನ್ನು ರಾತ್ರಿಯಿಡೀ ಮುಚ್ಚಿಡಿ. ಅದು ಹಿಟ್ಟನ್ನು ಅಗಲಕ್ಕೆ ಹಿಗ್ಗಿಸುವುದರಿಂದ ಹೃದಯಗಳ ನಡುವೆ ಎರಡು ಬೆರಳು ಜಾಗ ಬಿಡಿ. ರಿಬ್ಬನ್‌ಗೆ ತೂತನ್ನು ಬೇಯಿಸುವ ಮೊದಲೇ ಸ್ಟ್ರಾದಿಂದ ಮಾಡಿ, ಅಂಚಿನಿಂದ ಒಂದು ಸೆಂ.ಮೀ. ಒಳಗೆ. ಬೆಂದು ಹೊರಗೆ ಬಂದ ತಕ್ಷಣ, ಇನ್ನೂ ಬಿಸಿಯಿರುವಾಗಲೇ, ಅದೇ ಸ್ಟ್ರಾವನ್ನು ಮತ್ತೊಮ್ಮೆ ಚುಚ್ಚಿ ತೆಗೆಯಿರಿ.