ಬಾಡಿಗೆ ಆಫೀಸಿನಲ್ಲಿ ಕೆಲಸಕ್ಕೆ ಬಂದವರು ವರ್ಷ ತುಂಬೋ ಮೊದಲೇ ಬಿಟ್ಟು ಹೋಗ್ತಾರೆ, ಏನು ಮಾಡಲಿ?

ಕಲಬುರಗಿಯಲ್ಲಿ ಎರಡು ಅಪಾರ್ಟ್‌ಮೆಂಟ್‌ಗಳ ಬಾಡಿಗೆ ವ್ಯವಹಾರ ನೋಡುವ ಸಣ್ಣ ಆಫೀಸು ನಿಮ್ಮದು, ಹುಡುಗ ಹುಡುಗಿಯರು ಹೈರಾಣಾಗಿ ಕೆಲಸ ಬಿಡ್ತಿದ್ದಾರೆ, ಪಗಾರ ಜಾಸ್ತಿ ಮಾಡಿದರೆ ನಿಲ್ತಾರಾ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಇಂಥದ್ದೇ ಆಫೀಸು ನೋಡಿಕೊಳ್ಳುತ್ತೇನೆ. ಪಗಾರ ಜಾಸ್ತಿ ಮಾಡಿ, ಬೇಡ ಅನ್ನಲ್ಲ. ಆದರೆ ನಾನು ಕಂಡ ಹಾಗೆ ಈ ಕೆಲಸದಲ್ಲಿ ಜನರನ್ನು ಸೋಲಿಸುವುದು ತಮ್ಮ ಕೈಯಲ್ಲಿ ಇಲ್ಲದ ವಿಷಯಕ್ಕೆ ದಿನಾ ಬೈಸಿಕೊಳ್ಳುವುದು. ನಳಕ್ಕೆ ನೀರು ಬರಲಿಲ್ಲ, ಲಿಫ್ಟ್ ನಿಂತಿತು, ಕರೆಂಟ್ ಹೋಯಿತು, ಎಲ್ಲದಕ್ಕೂ ಫೋನ್ ಆಫೀಸಿನ ಹುಡುಗಿಗೆ. ಮನೆ ಖಾಲಿ ಉಳಿದರೆ ಬೆಂಗಳೂರಲ್ಲೋ ದುಬೈಯಲ್ಲೋ ಕೂತ ಓನರ್ ಬೈಯುವುದೂ ಅವಳಿಗೇ.

ಹೀಗೆ ಕೆಲಸದಲ್ಲಿ ಹೈರಾಣಾಗುವುದಕ್ಕೆ ಬರ್ನ್‌ಔಟ್ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕೆಲಸದ ಜಾಗದಿಂದ ಬರುವ ತೊಂದರೆ ಅಂತಲೇ ಹೇಳಿತು, ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಗುರುತು ಮೂರು: ಮೈಮನಸ್ಸು ಬಸವಳಿಯುವುದು, ಕೆಲಸದ ಮೇಲೆ ತಾತ್ಸಾರ ಹುಟ್ಟುವುದು, ನನ್ನ ಕೈಲಿ ಏನೂ ಆಗಲ್ಲ ಅನ್ನಿಸುವುದು. ಎರಡನೆಯದರ ಮೇಲೆ ಕಣ್ಣಿಡಿ. ನಿನ್ನೆವರೆಗೆ "ನೋಡ್ತೀನ್ರಿ ಅಣ್ಣಾರ" ಅಂತಿದ್ದವಳು ಇವತ್ತು "ನಮಗೇನ್ ಗೊತ್ತದರಿ" ಅಂತ ಫೋನ್ ಇಟ್ಟರೆ, ಅವಳು ಅರ್ಧ ಕೆಲಸ ಬಿಟ್ಟಾಗಿದೆ ಅಂತಲೇ ಲೆಕ್ಕ.

ಮೊದಲು ಫೋನ್ ಸರಿ ಮಾಡಿ. ಅವರ ಸ್ವಂತ ನಂಬರ್ ಯಾವ ಬಾಡಿಗೆದಾರರಿಗೂ ಹೋಗಬಾರದು. ಆಫೀಸಿಗೆ ಒಂದೇ ಫೋನ್ ಇರಲಿ, ರಾತ್ರಿ ಅದು ಸರದಿ ಮೇಲೆ ಒಬ್ಬರ ಹತ್ತಿರ ಇರಲಿ. ಆ ಸರದಿ ನಿಮಗೂ ಬರಲಿ, ಮಾಲೀಕರು ತಪ್ಪಿಸಿಕೊಂಡರೆ ಮಜಾ ಇರಲ್ಲ. ಲಿಫ್ಟಲ್ಲಿ ಜನ ಸಿಕ್ಕಿಕೊಂಡರೆ, ಗ್ಯಾಸ್ ವಾಸನೆ ಬಂದರೆ, ಪೈಪ್ ಒಡೆದರೆ ರಾತ್ರಿ ಮಾತಾಡಬೇಕು. ಗೀಸರ್ ಕಥೆ ಮುಂಜಾನೆಗೆ. ಕರೆಂಟಿಗೆ ಜೆಸ್ಕಾಂನ 1912, ಲಿಫ್ಟ್ ಕಂಪನಿಯ ನಂಬರ್ ಎರಡನ್ನೂ ಲಿಫ್ಟ್ ಬಾಗಿಲ ಹತ್ತಿರ ದೊಡ್ಡದಾಗಿ ಅಂಟಿಸಿ. ನೀರು ಬರಲ್ಲ ಅಂತ ಗೊತ್ತಾದ ದಿನ ಜನ ಏಳುವ ಮೊದಲೇ ವಾಟ್ಸಾಪ್ ಗ್ರೂಪಿಗೆ ಹಾಕಿ: ಇವತ್ತು ನಳದ ನೀರಿಲ್ಲ, ಟ್ಯಾಂಕರ್ ಇಷ್ಟು ಗಂಟೆಗೆ. ಮೊದಲೇ ಹೇಳಿದರೆ ಜನ ಗೊಣಗುತ್ತಾರೆ, ಕೂಗಾಡಲ್ಲ.

ಇನ್ನು ಅಡ್ವಾನ್ಸ್ ವಾಪಸ್ ಕೊಡುವ ದಿನ. ನಮ್ಮ ಕೆಲಸದಲ್ಲಿ ಅದಕ್ಕಿಂತ ಕೆಟ್ಟ ದಿನ ಇಲ್ಲ. ಟೆಂಪೋದಲ್ಲಿ ಸಾಮಾನು ತುಂಬಿದೆ, ಮನೆಯವರೆಲ್ಲ ಬಿಸಿಲಲ್ಲಿ ನಿಂತಿದ್ದಾರೆ. ಓನರ್ ಫೋನಲ್ಲಿ "ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿ" ಅಂತಾರೆ. ಹಾಲ್ ಗೋಡೆಯ ಮೊಳೆ ತೂತು ಮೊದಲೇ ಇತ್ತು ಅಂತ ಇವರು, ಇರಲಿಲ್ಲ ಅಂತ ಅವರು. ನಡುವೆ ನಿಂತ ಹುಡುಗನಿಗೆ ಎರಡು ಕಡೆಯಿಂದ ಪೆಟ್ಟು. ಇದಕ್ಕೆ ಮದ್ದು ಮನೆಗೆ ಬರುವ ದಿನವೇ ಇದೆ. ಕೀಲಿಕೈ ಕೊಡುವ ಮೊದಲು ಪ್ರತಿ ಗೋಡೆ, ನಳ, ಸ್ವಿಚ್ ಬೋರ್ಡ್, ಬಾತ್‌ರೂಮ್ ಟೈಲ್ಸ್ ವಿಡಿಯೋ ಮಾಡಿ, ಓನರ್ ಮತ್ತು ಬಾಡಿಗೆದಾರ ಇಬ್ಬರಿಗೂ ಕಳಿಸಿ. ಪೇಂಟಿಂಗಿಗೆ ಎಷ್ಟು ಹಿಡಿಯುತ್ತೀರಿ ಅನ್ನುವುದನ್ನು ಅಗ್ರಿಮೆಂಟಲ್ಲೇ ಬರೆಯಿರಿ. ಜಗಳ ಪೂರ್ತಿ ನಿಲ್ಲಲ್ಲ, ಆದರೆ ಹುಡುಗ ತೋರಿಸೋದಕ್ಕೆ ಏನೋ ಒಂದು ಕೈಯಲ್ಲಿರುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದಿದೆ. ಓನರ್ "ಆ ಜಾತಿಯವರಿಗೆ ಬೇಡ, ಆ ಧರ್ಮದವರಿಗೆ ಬೇಡ" ಅಂತಾರೆ. ನೋಡಲು ಬಂದವರಿಗೆ "ಮನೆ ಹೋಗಿಬಿಟ್ಟದರಿ" ಅಂತ ಸುಳ್ಳು ಹೇಳಬೇಕಾದವಳು ಆಫೀಸಿನ ಹುಡುಗಿ. ಒಂದೊಂದು ಸಲ ಎದುರಿಗೆ ನಿಂತವರು ಅವಳ ಓಣಿಯವರೇ, ಅವಳ ಜನವೇ ಆಗಿರುತ್ತಾರೆ. ಆ ಸಂಕಟ ಪಗಾರದಲ್ಲಿ ತೀರುವಂಥದ್ದಲ್ಲ. ಅಂಥ ಷರತ್ತು ಹಾಕುವ ಓನರ್ ಮನೆಯನ್ನು ನಾವು ತಗೊಳ್ಳುವುದನ್ನೇ ನಿಲ್ಲಿಸಿದೆವು. ನಿಮಗೆ ಅಷ್ಟು ಧೈರ್ಯ ಇಲ್ಲದಿದ್ದರೆ, ಕನಿಷ್ಠ ಆ ಮಾತನ್ನು ಓನರ್ ಬಾಯಿಂದಲೇ ಹೇಳಿಸಿ.

ಕಾಲದ ಲೆಕ್ಕವನ್ನೂ ಹಾಕಿ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳಿಗೆ ಮಾಡುತ್ತಾರೆ. ಜೂನ್ 1ಕ್ಕೆ ಬಂದವರದು ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಅಂದರೆ ರಿನ್ಯೂವಲ್ ಎಲ್ಲ ಬರುವುದು ಸರಿಯಾಗಿ ನಮ್ಮ ಉರಿಬಿಸಿಲಿಗೆ. ಅದರ ಹಿಂದೆಯೇ ಸರ್ಕಾರಿ ನೌಕರರ ವರ್ಗಾವಣೆ, ಕಾಲೇಜು ಅಡ್ಮಿಷನ್. ಫೆಬ್ರವರಿಯಲ್ಲೇ ಎಲ್ಲರಿಗೂ ಫೋನ್ ಮಾಡಿ ಇರುತ್ತೀರಾ, ಬಿಡುತ್ತೀರಾ ಕೇಳಿಬಿಡಿ. ಏಪ್ರಿಲ್, ಮೇನಲ್ಲಿ ಸರ್ಕಾರವೇ ಕಲಬುರಗಿ ವಿಭಾಗದ ಕಚೇರಿಗಳನ್ನು ಮುಂಜಾನೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುತ್ತದೆ, ಬಾಡಿಗೆ ಆಫೀಸಿನ ಹುಡುಗರು ಮಾತ್ರ ಎರಡು ಗಂಟೆ ಬಿಸಿಲಲ್ಲಿ ನಾಲ್ಕನೇ ಮಹಡಿ ಹತ್ತಬೇಕಾ? ಮುಂಜಾನೆ ಅಥವಾ ಸಂಜೆ ತೋರಿಸಿ. ಹುಡುಗಿಯನ್ನು ಅಪರಿಚಿತರ ಜೊತೆ ಖಾಲಿ ಮನೆಗೆ ಒಬ್ಬಳನ್ನೇ ಕಳಿಸಬೇಡಿ, ವಾಚ್‌ಮನ್ ಜೊತೆಗಿರಲಿ.

ರಜೆ ವಿಷಯ ನೀವು ಬರೆದೇ ಇಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ದಿನ ಪೂರ್ತಿ ರಜೆ, 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಅಂತ ಅದರಲ್ಲಿದೆ. ಮನೆ ನೋಡಲು ಜನ ಬರುವುದು ಭಾನುವಾರವೇ, ಹಾಗಾಗಿ ಇವರ ರಜೆ ಮಂಗಳವಾರಕ್ಕೋ ಬುಧವಾರಕ್ಕೋ ಹೋಗುತ್ತದೆ, ಕೊನೆಗೆ ಎಲ್ಲಿಗೂ ಇಲ್ಲ. ದಿನ ಗಟ್ಟಿ ಮಾಡಿ ಗೋಡೆಗೆ ಹಾಕಿ. ಅಷ್ಟೆಲ್ಲ ಮಾಡಿದ ಮೇಲೂ ಯಾರಿಗಾದರೂ ನಿದ್ದೆ ಬರುತ್ತಿಲ್ಲ, ಸುಮ್ನೆ ಅಳು ಬರುತ್ತದೆ ಅಂದರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಹೊಸಬರನ್ನು ತಗೊಳ್ಳುವುದಿದ್ದರೆ ಜನವರಿಯಲ್ಲೇ ತಗೊಳ್ಳಿ. ಯಾವ ಕೀಲಿಕೈ ಯಾವ ಮನೆಯದು, ಯಾವ ಓನರ್ ಹೇಗೆ ಅಂತ ತಿಳಿಯೋದಕ್ಕೆ ಎರಡು ತಿಂಗಳಾದರೂ ಬೇಕು. ಮೇನಲ್ಲಿ ಸೇರಿಸಿಕೊಂಡವರು ನಮ್ಮಲ್ಲಂತೂ ಯಾರೂ ನಿಂತಿಲ್ಲ.