ಹಳೆಯ ಕಾರಿನ ಸೆಂಟ್ರಲ್ ಲಾಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಕಾರಿಗೆ 15 ವರ್ಷ ತುಂಬಿದೆ. ಚಾಲಕನ ಬಾಗಿಲಿನಲ್ಲಿ ಕೀಲಿ ತಿರುಗಿಸಿದರೆ ಹಿಂದಿನ ಎಡಬಾಗಿಲು ಮಾತ್ರ ಕೆಲವೊಮ್ಮೆ ಲಾಕ್ ಆಗದೆ ಉಳಿಯುತ್ತದೆ. ಈಚೆಗೆ ಕಾರು ಓಡುತ್ತಿರುವಾಗಲೂ ಎಲ್ಲ ಲಾಕುಗಳು ತಾವಾಗಿಯೇ ಬಿದ್ದು ಏಳುತ್ತವೆ. ನಾಲ್ಕೂ ಬಾಗಿಲುಗಳ ಮೋಟಾರುಗಳನ್ನು ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಇದು ಅಗತ್ಯವೇ?

ಉತ್ತರ: ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಅಗತ್ಯವೆನಿಸುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ದೋಷಗಳಿರುವ ಸಾಧ್ಯತೆ ಹೆಚ್ಚು. ಎರಡನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

ಮೊದಲಿಗೆ ಹಿಂದಿನ ಬಾಗಿಲು. ಉಳಿದ ಬಾಗಿಲುಗಳು ಕೆಲಸ ಮಾಡುತ್ತಿರುವುದರಿಂದ ಫ್ಯೂಸ್ ಮತ್ತು ರಿಲೇಗಳನ್ನು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳನ್ನು) ಅನುಮಾನಿಸಬೇಕಾಗಿಲ್ಲ. ಆ ಬಾಗಿಲಿಗೆ ಕಿವಿಗೊಟ್ಟು, ಇನ್ನೊಬ್ಬರಿಂದ ಕೀಲಿ ತಿರುಗಿಸಿರಿ. ಮೋಟಾರಿನ ಸದ್ದು ಸ್ಪಷ್ಟವಾಗಿ ಕೇಳಿಯೂ ಲಾಕು ಬೀಳದಿದ್ದರೆ, ಮೋಟಾರನ್ನು ಲಾಕಿಗೆ ಜೋಡಿಸುವ ಕಂಬಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿರಬಹುದು, ಒಳಗಿನ ಗಿಯರ್ ಸವೆದಿರಬಹುದು, ಇಲ್ಲವೇ ಹಳೆಯ ಗ್ರೀಸ್ ಗಟ್ಟಿಯಾಗಿ ಲಾಕು ಬಿಗಿದುಕೊಂಡಿರಬಹುದು. ಸದ್ದೇ ಇಲ್ಲದಿದ್ದರೆ ಬಾಗಿಲಿಗೂ ಅದನ್ನು ಹಿಡಿದಿರುವ ಕಾರಿನ ಚೌಕಟ್ಟಿನ ಕಂಬಕ್ಕೂ ನಡುವೆ ಇರುವ ರಬ್ಬರ್ ಕೊಳವೆಯನ್ನು ಬಿಡಿಸಿ, ಅದರೊಳಗಿನ ವೈರುಗಳನ್ನು ನೋಡಿರಿ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಬಾಗುವ ಈ ಜಾಗದಲ್ಲಿ ವರ್ಷಗಳು ಕಳೆದಂತೆ ತಾಮ್ರದ ಎಳೆಗಳು ತುಂಡಾಗುತ್ತವೆ. ಮೇಲಿನ ಹೊದಿಕೆ ಮಾತ್ರ ಹಾಗೆಯೇ ಉಳಿಯುವುದರಿಂದ ಕಣ್ಣಿಗೆ ಏನೂ ಕಾಣದು. ಪ್ರತಿ ವೈರನ್ನೂ ಮೆಲ್ಲನೆ ಎಳೆದು ನೋಡಿದರೆ, ಮುರಿದದ್ದು ಎಳೆದಂತೆ ಉದ್ದವಾಗುತ್ತದೆ. ಕೆಲವೊಮ್ಮೆ ಲಾಕ್ ಆಗಿ ಕೆಲವೊಮ್ಮೆ ಆಗದಿರುವ ನಿಮ್ಮ ಬಾಗಿಲಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ವೈರು ಸರಿಯಿದ್ದರೆ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿ, ಮೋಟಾರಿನ ಕನೆಕ್ಟರಿನಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಬೇಕು. ಲಾಕ್ ಮಾಡುವ ಕ್ಷಣದಲ್ಲಿ ಮಾತ್ರ ಸುಮಾರು 12 ವೋಲ್ಟ್ ಬಂದು ಹೋಗುತ್ತದೆ, ತೆರೆಯುವಾಗ ಪ್ಲಸ್-ಮೈನಸ್ ಧ್ರುವಗಳು ಅದಲುಬದಲಾಗಿ ಮತ್ತೆ ಅಷ್ಟೇ ಬರುತ್ತದೆ. ವೋಲ್ಟ್ ಬಂದೂ ಮೋಟಾರು ಮಿಸುಕದಿದ್ದರೆ ಆ ಒಂದು ಮೋಟಾರನ್ನು ಬದಲಿಸಿರಿ. ಪರೀಕ್ಷೆಗೆಂದು ಬಿಡುವಿಲ್ಲದೆ ಹತ್ತಾರು ಬಾರಿ ಲಾಕ್ ಮಾಡಿದರೆ ಅನೇಕ ಕಾರುಗಳಲ್ಲಿ ಮೋಟಾರು ಬಿಸಿಯಾಗಿ ತಾತ್ಕಾಲಿಕವಾಗಿ ನಿಲ್ಲುವ ವ್ಯವಸ್ಥೆ ಇರುತ್ತದೆ. ಅದನ್ನೇ ದೋಷವೆಂದು ಭ್ರಮಿಸಬಾರದು. ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಸರಿಯಾಗಿ ಅಂಟಿಸದಿದ್ದರೆ ಬಾಗಿಲೊಳಗೆ ಇಳಿಯುವ ಮಳೆನೀರು ಕಾರಿನೊಳಕ್ಕೆ ಬರುತ್ತದೆ.

ತಾವಾಗಿಯೇ ಬಿದ್ದು ಏಳುವ ಲಾಕುಗಳ ಮೂಲ ಸಾಮಾನ್ಯವಾಗಿ ಚಾಲಕನ ಬಾಗಿಲಿನಲ್ಲಿರುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ ಉಳಿದ ಬಾಗಿಲುಗಳ ಮೋಟಾರಿಗೆ ಎರಡೇ ವೈರುಗಳಿದ್ದರೆ ಇಲ್ಲಿ ಐದು ಇರುತ್ತವೆ. ಹೆಚ್ಚುವರಿ ಮೂರು, ಲಾಕಿನ ಸ್ಥಿತಿಯನ್ನು ನಿಯಂತ್ರಣ ಘಟಕಕ್ಕೆ ತಿಳಿಸುವ ಸ್ವಿಚ್ಚಿನವು. ಆ ಸ್ವಿಚ್ಚು ಸವೆದರೆ, ಅಥವಾ ಕೊಳವೆಯೊಳಗೆ ಹೊದಿಕೆ ಕಿತ್ತ ವೈರುಗಳು ಒಂದಕ್ಕೊಂದು ತಗುಲಿದರೆ, ಘಟಕಕ್ಕೆ ಸುಳ್ಳು ಸಂಕೇತಗಳು ಹೋಗುತ್ತವೆ. ಕಾರನ್ನು ನಿಲ್ಲಿಸಿ, ಆ ಬಾಗಿಲನ್ನು ನಿಧಾನವಾಗಿ ಆಡಿಸಿದಾಗ ಲಾಕುಗಳು ಕುಣಿದರೆ ದೋಷ ವೈರಿನದು. ದುರಸ್ತಿಗೆ ಬಳಸುವ ವೈರು ಮೃದುವಾಗಿ ಬಾಗುವಂಥದ್ದಾಗಿರಲಿ. ಕೊಳವೆಯೊಳಗೆ ಬಾಗುವ ಜಾಗದಲ್ಲೇ ಬೆಸುಗೆ ಹಾಕಿದರೆ ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ.

ಪ್ರಶ್ನೆ: ರಿಮೋಟ್ ಒತ್ತಿದರೆ ಯಾವ ಬಾಗಿಲೂ ಸ್ಪಂದಿಸುವುದಿಲ್ಲ, ಆದರೆ ಕೀಲಿಯಿಂದ ಎಲ್ಲವೂ ಲಾಕ್ ಆಗುತ್ತವೆ. ದೊಡ್ಡ ಫ್ಯೂಸ್ ಹಾಕಿದರೆ ಸರಿಹೋಗುವುದೇ?

ಉತ್ತರ: ಕೀಲಿಯಿಂದ ಎಲ್ಲವೂ ಲಾಕ್ ಆಗುತ್ತಿದ್ದರೆ ಮೋಟಾರುಗಳ ಫ್ಯೂಸ್ ಕೆಟ್ಟಿಲ್ಲ. ಹೇಗಿದ್ದರೂ ನಿಗದಿತ ಆಂಪಿಯರಿಗಿಂತ ದೊಡ್ಡ ಫ್ಯೂಸ್ ಹಾಕಿದರೆ ದೋಷ ಬಂದಾಗ ಫ್ಯೂಸಿನ ಬದಲು ವೈರೇ ಸುಡಬಹುದು. ರಿಮೋಟಿನ ಬ್ಯಾಟರಿಯನ್ನು ಬದಲಿಸಿ, ಅದರ ಲೋಹದ ಪಟ್ಟಿಗಳನ್ನು ಒರೆಸಿ ನೋಡಿರಿ. ಆಗಲೂ ಕೆಲಸ ಮಾಡದಿದ್ದರೆ ಕಾರಿನ ಕೈಪಿಡಿಯಲ್ಲಿ ತಿಳಿಸಿದ ಕ್ರಮದಲ್ಲಿ ರಿಮೋಟನ್ನು ಕಾರಿನೊಂದಿಗೆ ಮತ್ತೆ ಹೊಂದಿಸಿಕೊಳ್ಳಬೇಕು.

ಪ್ರಶ್ನೆ: ಹಿಂದಿನ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ತೆರೆಯುವುದಿಲ್ಲ. ಲಾಕು ಕೆಟ್ಟಿದೆಯೇ?

ಉತ್ತರ: ಏನನ್ನೂ ಬಿಚ್ಚುವ ಮೊದಲು ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕಿನ ಪುಟ್ಟ ಕೀಲನ್ನು ನೋಡಿರಿ. ಮಕ್ಕಳ ಸುರಕ್ಷತೆಗಿರುವ ಈ ಲಾಕು ಹಾಕಿದ್ದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ.